ನೀರು ಪರೀಕ್ಷೆಗೆ ಕಿಣ್ವದ ಪಟ್ಟಿ (ಟೆಸ್ಟ್ ಸ್ಟ್ರಿಪ್) ಹಾಕುವಾಗ ಜೊತೆಗೊಂದು ಪಟ್ಟಿ ಯಾಕೆ ಬೇಕು

ಕೋಲಾರದ ಕಡೆ ನೀರು ಪರೀಕ್ಷೆ ಮಾಡುವ ಕೆಲಸ ನನ್ನದು. ಟೊಮ್ಯಾಟೊ ತೋಟಗಳ ಪಕ್ಕದ ಕೃಷಿ ಹೊಂಡಕ್ಕೆ ಕೀಟನಾಶಕ ಸೇರಿದೆಯೇ ಎಂದು ಅಲ್ಲೇ ನಿಂತು ನೋಡಲು ಕಿಣ್ವದ ಪಟ್ಟಿ ಬಳಸುತ್ತೇವೆ. ಬಯೋಸೆನ್ಸರ್‌ಗಳಲ್ಲಿ, ಅಂದರೆ ಕಿಣ್ವದಂಥ ಜೈವಿಕ ವಸ್ತುವಿನಿಂದ ಪತ್ತೆ ಮಾಡುವ ಸಾಧನಗಳಲ್ಲಿ, ಸರಳವಾದದ್ದು ಇದು. ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಮೊದಲು ಹೇಳುವ ಮಾತು, ಹೊಂಡದ ನೀರಿನ ಜೊತೆಗೆ ಡಿಸ್ಟಿಲ್ಡ್ ವಾಟರ್‌ಗೂ ಒಂದು ಪಟ್ಟಿ ಹಾಕಿ ಅಂತ.

ಪಟ್ಟಿಯಲ್ಲಿ ಎರಡು ಬೊಟ್ಟು. ಬಿಳಿಯದರಲ್ಲಿ ಕೋಲಿನೆಸ್ಟರೇಸ್ ಕಿಣ್ವ, ಕೆಂಪಿನದರಲ್ಲಿ ಬಣ್ಣ ಕೊಡುವ ರಾಸಾಯನಿಕ. ಬಿಳಿ ಬೊಟ್ಟಿಗೆ ನೀರು ಬಿಟ್ಟು, ಸ್ವಲ್ಪ ಹೊತ್ತು ಕಾದು, ಎರಡೂ ಬೊಟ್ಟು ಒಂದಕ್ಕೊಂದು ತಾಗುವಂತೆ ಪಟ್ಟಿ ಮಡಚಿ ಬೆರಳುಗಳ ನಡುವೆ ಒತ್ತಿ ಹಿಡಿಯಬೇಕು. ಮೈ ಬಿಸಿಗೆ ಕಿಣ್ವ ಚುರುಕಾಗುತ್ತದೆ. ಬಿಡಿಸಿದಾಗ ನೀಲಿ ಬಂದಿದ್ದರೆ ಕಿಣ್ವ ಕೆಲಸ ಮಾಡಿದೆ ಎಂದರ್ಥ. ಆರ್ಗನೋಫಾಸ್ಫೇಟ್, ಕಾರ್ಬಮೇಟ್ ಜಾತಿಯ ಔಷಧಿ ಸಾಕಷ್ಟಿದ್ದರೆ ಕಿಣ್ವ ಕಟ್ಟಿಹೋಗಿ ಬೊಟ್ಟು ಬಿಳಿಯಾಗೇ ಉಳಿಯುತ್ತದೆ. ರೈತರು ಇದನ್ನು ತಿರುಗಾಮುರುಗಾ ತಿಳಿಯುವುದೇ ಹೆಚ್ಚು. "ನೀಲಿ ಬಂತಲ್ಲ ಸಾರ್, ವಿಷ ಐತಾ?" ಎಂದು ಗಾಬರಿಯಾಗುತ್ತಾರೆ. ಅದಕ್ಕೇ ಎರಡೂ ಪಟ್ಟಿಗಳನ್ನು ಅವರ ಕಣ್ಣೆದುರೇ ಬಿಡಿಸುತ್ತೇನೆ.

ಬಣ್ಣ ಬಾರದಿರುವುದಕ್ಕೆ ವಿಷವೊಂದೇ ಕಾರಣವಲ್ಲ. ಏಪ್ರಿಲ್ ಬಿಸಿಲಲ್ಲಿ ಜೀಪಿನೊಳಗೆ ಬಿಟ್ಟ ಪಟ್ಟಿಯಲ್ಲಿ ಕಿಣ್ವ ಸತ್ತಿರುತ್ತದೆ, ಅದೂ ಬಿಳಿಯೇ. ಆಗ ತಾನೇ ಬ್ಲೀಚಿಂಗ್ ಪೌಡರ್ ಹಾಕಿದ ನೀರಿನ ಕ್ಲೋರಿನ್ ಕೂಡ ಕಿಣ್ವವನ್ನು ಕೆಡಿಸುತ್ತದೆ. ಡಿಸ್ಟಿಲ್ಡ್ ವಾಟರ್ ಪಟ್ಟಿಯೂ ಬಿಳಿಯಾಗೇ ಉಳಿದರೆ ಆ ಪೊಟ್ಟಣವನ್ನೇ ಬದಿಗಿಡಿ. ಪಟ್ಟಿಗಳು ಐಸ್ ಬಾಕ್ಸ್‌ನಲ್ಲೇ ಇರಲಿ.

ಇನ್ನು ನೀಲಿ ಬಂತು ಎಂದ ಮಾತ್ರಕ್ಕೆ ನೀರು ಶುದ್ಧ ಅನ್ನುವ ಹಾಗೂ ಇಲ್ಲ. ಬಿಳಿನೊಣಕ್ಕೆ ಹೊಡೆಯುವ ಇಮಿಡಾಕ್ಲೋಪ್ರಿಡ್ ಈ ಕಿಣ್ವದ ತಂಟೆಗೇ ಬರುವುದಿಲ್ಲ, ಕೀಟದ ನರದಲ್ಲಿ ಬೇರೆ ಕಡೆ ಹೋಗಿ ಕೂರುತ್ತದೆ. ಕ್ಲೋರ್‌ಪೈರಿಫಾಸ್ ಆರ್ಗನೋಫಾಸ್ಫೇಟ್ ಜಾತಿಯದೇ ಆದರೂ, ದೇಹದೊಳಗೆ ಆಕ್ಸಾನ್ (oxon) ಎಂಬ ಬೇರೆ ರಾಸಾಯನಿಕ ರೂಪಕ್ಕೆ ತಿರುಗಿದ ಮೇಲೇ ಅದರ ಜೋರು, ನೀರಿನಲ್ಲಿದ್ದಾಗ ಪಟ್ಟಿಗೆ ಅಷ್ಟಾಗಿ ಸಿಕ್ಕುವುದಿಲ್ಲ. ನಮ್ಮ ಬೋರ್‌ವೆಲ್‌ಗಳ ದೊಡ್ಡ ಕಾಟವಾದ ಫ್ಲೋರೈಡ್‌ಗೆ ಬೇರೆಯೇ ಪರೀಕ್ಷೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನಕ.

ಹೊಂಡದ ಪಟ್ಟಿ ಬಿಳಿ, ಜೊತೆಯದು ನೀಲಿ ಬಂದರೆ ಕಂದು ಗಾಜಿನ ಬಾಟಲಿಯಲ್ಲಿ ನೀರು ತುಂಬಿ ಲ್ಯಾಬ್‌ಗೆ ಕಳಿಸುತ್ತೇವೆ. ಯಾವ ಔಷಧಿ, ಎಷ್ಟಿದೆ ಎಂಬುದು ಅಲ್ಲೇ ತಿಳಿಯಬೇಕು. ವರದಿ ಬರುವ ತನಕ ದನಗಳನ್ನು ಆ ಹೊಂಡಕ್ಕೆ ಬಿಡಬೇಡಿ ಎಂದು ಮನೆಯವರಿಗೆಲ್ಲ ಹೇಳಿ ಬರುತ್ತೇವೆ.