ಮದುವೆನೇ ಆಗಿಲ್ಲ, ಅಂಡಾಣು ಯಾಕೆ ತೆಗೆಸಿಟ್ಟೆ?

"ಜೀವ ಮುಖ್ಯಾನಾ, ಮಗು ಮುಖ್ಯಾನಾ?" ಕ್ಯಾನ್ಸರ್‌ನ ಕೀಮೋಗೆ ಮೊದಲು ನಾನು ಅಂಡಾಣು ತೆಗೆಸಿ ಫ್ರೀಜ್ ಮಾಡಿಸಿದೆ ಎಂದು ಗೊತ್ತಾದವರೆಲ್ಲ ಕೇಳುವುದು ಇದನ್ನೇ. ಅದರ ಬೆನ್ನಿಗೇ ಇನ್ನೊಂದು: "ಅದೂ ಮದುವೆ ಆಗದವಳು, ಏನು ಅವಸರ ಇತ್ತು?" ಹೇಳಿ ಹೇಳಿ ಸಾಕಾಗಿದೆ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಜೀವವೋ ಮಗುವೋ ಎಂದು ಆರಿಸುವ ಪರಿಸ್ಥಿತಿ ನನಗೆ ಬಂದೇ ಇರಲಿಲ್ಲ. ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿತ್ತು. ಗಾಯ ಮಾಯುವವರೆಗೆ ಕೀಮೋ ಶುರು ಮಾಡುವ ಹಾಗಿರಲಿಲ್ಲ. ಆ ಕಾಯುವ ದಿನಗಳಲ್ಲೇ ಅಂಡಾಣು ತೆಗೆಸುವುದು ಮುಗಿಯಿತು. ಇದಕ್ಕೆ ಮುಟ್ಟು ಬರಲಿ ಎಂದು ಕಾಯಬೇಕಿಲ್ಲ, ತಿಂಗಳ ಯಾವ ದಿನ ಬೇಕಾದರೂ ಶುರು ಮಾಡಬಹುದು. ಅಂಡಾಣು ಬೆಳೆಯಲಿ ಎಂದು 10ರಿಂದ 14 ದಿನ ಹೊಟ್ಟೆಗೆ ಹಾರ್ಮೋನ್ ಇಂಜೆಕ್ಷನ್, ನಡುವೆ ಸ್ಕ್ಯಾನ್. ಕೊನೆಯ ಇಂಜೆಕ್ಷನ್ ಆಗಿ ಸುಮಾರು 36 ಗಂಟೆಗೆ ಅರಿವಳಿಕೆ ಕೊಟ್ಟು ಸೂಜಿಯಲ್ಲಿ ಅಂಡಾಣು ತೆಗೆಯುತ್ತಾರೆ. ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್‌ನಲ್ಲಿ ಇಡುತ್ತಾರೆ. ನನ್ನದು ಹಾರ್ಮೋನ್‌ನಿಂದ ಬೆಳೆಯುವ ಗಡ್ಡೆ. ಹಾಗಾಗಿ ಜೊತೆಗೆ ಲೆಟ್ರೋಜೋಲ್ ಮಾತ್ರೆ ಕೊಟ್ಟರು, ಈಸ್ಟ್ರೋಜನ್ ಎಂಬ ಆ ಹಾರ್ಮೋನ್ ಜಾಸ್ತಿ ಏರದಿರಲಿ ಎಂದು.

ಈಗ ಮದುವೆಯ ಮಾತು. ಒಂದು ಗೃಹಪ್ರವೇಶದಲ್ಲಿ ಊಟಕ್ಕೆ ಕೂತಿದ್ದೆವು. ಪಕ್ಕದ ಎಲೆಯಲ್ಲಿ ದೊಡ್ಡಮ್ಮ. ಕೋಸಂಬರಿ ಬಡಿಸುವಷ್ಟರಲ್ಲಿ ಶುರುವಾಯಿತು. "ದೇವರು ಕೊಡೋದಿದ್ರೆ ಆಮೇಲೆ ತಾನಾಗೇ ಕೊಡ್ತಾನೆ ಕಣೇ. ಇದೆಲ್ಲ ಗಂಡನ ಮನೆಯವರಿಗೆ ಗೊತ್ತಾದ್ರೆ?" ಇಡೀ ಸಾಲು ತಲೆ ಎತ್ತಿ ನನ್ನನ್ನೇ ನೋಡಿತು.

ದೊಡ್ಡಮ್ಮಾ, ಅವತ್ತು ಎಲೆ ಮುಂದೆ ಕೂತು ಹೇಳಲಾಗದ್ದನ್ನು ಈಗ ಹೇಳುತ್ತೇನೆ. ಹೆಣ್ಣುಮಗು ಹುಟ್ಟುವಾಗಲೇ ಅವಳ ಅಂಡಾಣುಗಳೆಲ್ಲ ಅವಳಲ್ಲಿರುತ್ತವೆ, ಸುಮಾರು 10ರಿಂದ 20 ಲಕ್ಷ. ಆಮೇಲೆ ಕರಗುತ್ತಲೇ ಹೋಗುತ್ತವೆ. ಹೊಸದು ಹುಟ್ಟುವುದಿಲ್ಲ. ಕೀಮೋದಲ್ಲಿ ನನಗೆ ಕೊಟ್ಟ ಸೈಕ್ಲೋಫಾಸ್ಫಮೈಡ್ ಅವನ್ನು ಬೇಗ ಬೇಗ ಕೊಲ್ಲುವ ಔಷಧಿ. ಅದು ಕೊರಳಲ್ಲಿ ತಾಳಿ ಇದೆಯಾ ಎಂದು ನೋಡಿ ಅಂಡಾಶಯಕ್ಕೆ ಹೋಗುವುದಿಲ್ಲ. ಕೀಮೋ ಮುಗಿದ ಮೇಲೆ, ಹಾರ್ಮೋನ್ ಗಡ್ಡೆಯನ್ನು ಮತ್ತೆ ಬೆಳೆಸದಿರಲಿ ಎಂದು ಟ್ಯಾಮಾಕ್ಸಿಫೆನ್ ಮಾತ್ರೆ, ಕನಿಷ್ಠ 5 ವರ್ಷ. ಅದನ್ನು ತೆಗೆದುಕೊಳ್ಳುವಾಗ ಬಸಿರಾಗುವ ಹಾಗಿಲ್ಲ. ಆ 5 ವರ್ಷದಲ್ಲಿ ಅಂಡಾಣುವಿಗೂ ವಯಸ್ಸಾಗುತ್ತದೆ. ತೆಗೆದಿಟ್ಟದ್ದಕ್ಕೆ ಆಗುವುದಿಲ್ಲ. ಮದುವೆಯಾದವರು ಭ್ರೂಣವನ್ನೇ ಇಡಿಸಬಹುದು, ನನ್ನಂಥವರಿಗೆ ಇರುವ ದಾರಿ ಇದು. ಕೃತಕ ಗರ್ಭಧಾರಣೆಯ ಕ್ಲಿನಿಕ್‌ಗಳಿಗಾಗಿ ಮಾಡಿದ 2021ರ ಕಾನೂನಿನಲ್ಲೂ 21 ವರ್ಷ ದಾಟಿದ ಹೆಣ್ಣು, ಮದುವೆ ಆಗಿರಲಿ ಬಿಡಲಿ, ಇಂಥ ಕ್ಲಿನಿಕ್‌ಗೆ ಹೋಗಬಹುದು. ಗಂಡನ ಮನೆ ಇನ್ನೂ ಇಲ್ಲ. ದೇಹ ಈಗಲೇ ಇದೆ.

ಇಷ್ಟು ಜನ ಕೇಳಿದರು. "ನಿನಗೆ ಇದನ್ನು ಯಾರು ಹೇಳಿದರು?" ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ನನಗೆ ಬೇಕಿದ್ದದ್ದು ಆ ಪ್ರಶ್ನೆ. ಯಾಕೆಂದರೆ ಯಾರೂ ಹೇಳಿರಲಿಲ್ಲ. ಡಾಕ್ಟರ್ ಅಪ್ಪನ ಕಡೆ ತಿರುಗಿ ಎಲ್ಲ ವಿವರಿಸಿದರು. ಕೂದಲು ಉದುರುತ್ತೆ, ವಾಂತಿ ಆಗುತ್ತೆ, ಹೊರಗಿನ ಊಟ ಕೊಡಬೇಡಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಓದುತ್ತಿದ್ದೆ. ಮುಂದೆ ಮಕ್ಕಳಾಗದೇ ಇರಬಹುದು ಎಂಬ ಒಂದು ಸಾಲು ಅಲ್ಲಿತ್ತು. ಕೇಳಿದೆ. "ಮದುವೆ ಆಗಿದೆಯಾ?" ಎಂದರು. ಇಲ್ಲ ಎಂದೆ. "ಹಾಗಾದ್ರೆ ಈಗ ಅದರ ಯೋಚನೆ ಬೇಡ." ಯಾವ ಡಾಕ್ಟರ್ ಎದುರೂ ದನಿ ಎತ್ತದ ಅಪ್ಪ ಅವತ್ತು, "ಅವಳು ಕೇಳಿದ್ದಕ್ಕೆ ಉತ್ತರ ಹೇಳಿ ಸಾರ್" ಎಂದರು. ಆಮೇಲೆ ಡಾಕ್ಟರ್ ಅಂಡಾಣು ತೆಗೆದಿಡುವ ಕ್ಲಿನಿಕ್‌ಗೆ ಚೀಟಿ ಬರೆದುಕೊಟ್ಟರು. ಚಿಕಿತ್ಸೆಗೆ ಮೊದಲೇ ಈ ವಿಷಯ ರೋಗಿಗೆ ತಿಳಿಸಬೇಕು ಎಂದು ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2006ರಲ್ಲೇ ಹೇಳಿದೆ. ನನಗೆ ಇನ್ನೂ ಸಿಟ್ಟು ಬರುವುದು ಇದಕ್ಕೇ. ಆ ಸಾಲು ಓದದೆ ಸಹಿ ಹಾಕಿದವರು ಎಷ್ಟು ಜನ ಇದ್ದಾರೋ!

ದುಡ್ಡನ್ನು ಕೈಯಿಂದಲೇ ಕೊಟ್ಟೆವು. ಬಂಜೆತನದ ಚಿಕಿತ್ಸೆ ಎಂದು ವಿಮೆಯವರು ಹೊರಗಿಟ್ಟರು. ನನಗೆ ಬಂಜೆತನ ಇರಲಿಲ್ಲ. ಅದು ಬರುವ ಹಾಗಿದ್ದದ್ದು ಅವರೇ ದುಡ್ಡು ಕೊಡುವ ಕೀಮೋದಿಂದ.

ಇಟ್ಟ ಮಾತ್ರಕ್ಕೆ ಮಗು ಆಗೇ ಆಗುತ್ತದೆ ಎಂದೇನಿಲ್ಲ. ಅದೂ ನನಗೆ ಗೊತ್ತು. ಎಲ್ಲರಿಗೂ ಇದೇ ದಾರಿಯೂ ಅಲ್ಲ. ತೀವ್ರ ರಕ್ತ ಕ್ಯಾನ್ಸರ್‌ನಲ್ಲಿ ಬಹಳ ಸಲ ಎರಡು ವಾರ ಕಾಯಲು ಆಗುವುದಿಲ್ಲ. ಇನ್ನೂ ಮೈನೆರೆಯದ ಹುಡುಗಿಯರಿಗೆ ಅಂಡಾಶಯದ ತುಣುಕನ್ನು ತೆಗೆದಿಡುವ ವಿಧಾನ ಇದೆ. ಕಿಬ್ಬೊಟ್ಟೆಗೆ ರೇಡಿಯೇಷನ್ ಇದ್ದರೆ, ಕಿರಣ ತಾಗದಿರಲಿ ಎಂದು ಅಂಡಾಶಯವನ್ನು ಮೇಲಕ್ಕೆ ಸರಿಸಿ ಹೊಲಿಯುತ್ತಾರೆ. ನಿಮ್ಮ ಮನೆಯ ಹುಡುಗಿಗೆ ಯಾವುದು ಹೊಂದುತ್ತದೆ ಎಂದು ಡಾಕ್ಟರೇ ಹೇಳಬೇಕು. ಆದರೆ ಮೊದಲ ಕೀಮೋ ಏರಿಸುವ ಮುಂಚೆ ಕೇಳಿ. ಅವಳ ಎದುರಿಗೇ ಕೇಳಿ. ಮದುವೆ ಆಗಿದೆಯಾ ಎಂದರೆ, ಅಪ್ಪ ಹೇಳಿದ ಹಾಗೆ, ಕೇಳಿದ್ದಕ್ಕೆ ಉತ್ತರ ಹೇಳಿ ಎನ್ನಿ.