ಪ್ರಿನ್ಸ್‌ಟನ್ ಯುದ್ಧಭೂಮಿ: ಕಂಬದ ಮುಂದೆ ಫೋಟೋ ತೆಗೆಸಿಕೊಂಡು ವಾಪಸ್ ಬರಬೇಡಿ

ನ್ಯೂಜೆರ್ಸಿಯಲ್ಲಿ ಮಗಳ ಮನೆಗೋ ಮಗನ ಮನೆಗೋ ಹೋಗಿ ಎರಡು ಮೂರು ತಿಂಗಳು ಇದ್ದು ಬರುವವರು ಈಗ ನಮ್ಮ ಕಡೆ ಬೀದಿಗೊಬ್ಬರು ಸಿಗುತ್ತಾರೆ. ಮಕ್ಕಳು ಆಫೀಸಿಗೆ ಹೋದ ಮೇಲೆ ಯಾರ ಕಾರನ್ನೂ ಕಾಯದೆ ನೋಡಿ ಬರಬಹುದಾದ ಒಂದು ಜಾಗದ ಬಗ್ಗೆ ಅಂಥವರಿಗಾಗಿಯೇ ಬರೆಯುತ್ತಿದ್ದೇನೆ. ಬ್ರಿಟಿಷರ ವಿರುದ್ಧ ಅಮೆರಿಕನ್ನರು ನಡೆಸಿದ ಸ್ವಾತಂತ್ರ್ಯ ಸಮರದ, ಪ್ರಿನ್ಸ್‌ಟನ್ ಊರಾಚೆಯ ಯುದ್ಧಭೂಮಿ, ಅದರಲ್ಲೂ ಅಲ್ಲಿ ಆಸ್ಪತ್ರೆಯಾಗಿದ್ದ ಒಂದು ರೈತನ ಮನೆ. ಒಂದೇ ಒಂದು ಷರತ್ತು: ಪ್ಯಾಕೇಜ್ ಬಸ್ಸಿನಲ್ಲಿ ಹೋಗಬೇಡಿ.

ನಾವು ಮೊದಲು ಹೋಗಿದ್ದು ಹಾಗೇ. ತಲೆಗೆ ನೂರು ಡಾಲರ್ ಹತ್ತಿರ ಆಯಿತು. ಬಸ್ಸಿನ ಏಸಿ ಎಷ್ಟು ಜೋರಾಗಿತ್ತೆಂದರೆ ಜೂನ್ ತಿಂಗಳಲ್ಲಿ ಹೆಂಡತಿ ಶಾಲು ಹೊದ್ದು ಕೂತಿದ್ದಳು. ಕಿಟಕಿ ತೆಗೆಯೋ ಹಾಗಿಲ್ಲ, ಹಿಂದಿನ ಸೀಟಿನ ಹುಡುಗರ ಗಲಾಟೆ ಬೇರೆ. ದಾರಿಯಲ್ಲಿ ಒಂದು ಶಾಪಿಂಗ್ ಮಳಿಗೆಯ ಮುಂದೆ ಮುಕ್ಕಾಲು ಗಂಟೆ ನಿಲ್ಲಿಸಿದರು. ಯುದ್ಧಭೂಮಿಗೆ ಕೊಟ್ಟಿದ್ದು ಕಾಲು ಗಂಟೆ. ಹುಲ್ಲಿನ ಮಧ್ಯೆ ನಾಲ್ಕು ಭಾರಿ ಬಿಳಿ ಕಂಬಗಳಿವೆ. ಗೈಡ್ ಅದನ್ನೇ ತೋರಿಸಿ "ಇದೇ ಸ್ಮಾರಕ, ಫೋಟೋ ತೆಗೆದುಕೊಳ್ಳಿ" ಅಂದ. ಎಲ್ಲರೂ ತೆಗೆದುಕೊಂಡರು. ಬಸ್ಸು ಹೊರಟಿತು.

ಆ ಕಂಬಗಳಿಗೂ ಯುದ್ಧಕ್ಕೂ ಏನೂ ಸಂಬಂಧವಿಲ್ಲ! ಫಿಲಡೆಲ್ಫಿಯಾದ ಒಬ್ಬ ವ್ಯಾಪಾರಿಯ ಬಂಗಲೆಗಾಗಿ 1836ರಲ್ಲಿ ಮಾಡಿಸಿದ ಕಂಬಗಳು ಅವು. 1959ರಲ್ಲಿ ತಂದು ಇಲ್ಲಿ ನಿಲ್ಲಿಸಿದ್ದಾರೆ. ಯುದ್ಧ ನಡೆದದ್ದು 1777ರ ಜನವರಿ 3ರಂದು. ನಿಜವಾಗಿ ನಿಂತು ನೋಡಬೇಕಾದದ್ದು ಕಂಬಗಳ ಹಿಂದಿದೆ. 21 ಬ್ರಿಟಿಷ್, 15 ಅಮೆರಿಕನ್ ಸೈನಿಕರನ್ನು ಒಟ್ಟಿಗೆ ಹೂತ ಜಾಗ ಅದು. ಅಲ್ಲಿಗೆ ನಮ್ಮ ಬಸ್ಸಿನವರು ಒಬ್ಬರೂ ಹೋಗಲಿಲ್ಲ. ಆಸ್ಪತ್ರೆಯಾಗಿದ್ದ ಮನೆ ರಸ್ತೆಯ ಆ ಕಡೆ ಕಣ್ಣೆದುರಿಗೇ ಇತ್ತು. ಅದರ ಹೆಸರನ್ನೂ ಗೈಡ್ ಎತ್ತಲಿಲ್ಲ.

ಅದಕ್ಕೇ ಆಮೇಲೆ ನಾವಿಬ್ಬರೇ ಇನ್ನೊಮ್ಮೆ ಹೋದೆವು. ಪ್ರಿನ್ಸ್‌ಟನ್ ಜಂಕ್ಷನ್‌ವರೆಗೆ ದೊಡ್ಡ ರೈಲು. ಅಲ್ಲಿಂದ ಊರೊಳಗೆ 'ಡಿಂಕಿ' ಅಂತ ಕರೆಯುವ ಪುಟ್ಟ ರೈಲಿದೆ, ಕೂತು ಬ್ಯಾಗು ಸರಿಮಾಡಿಕೊಳ್ಳುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. ಸ್ಟೇಷನ್ನಿಂದ ಟ್ಯಾಕ್ಸಿ ಬೇಡ. ಮರ್ಸರ್ ರಸ್ತೆ ಹಿಡಿದು ನಡೆದರೆ ಎರಡೂವರೆ ಕಿಲೋಮೀಟರ್ ಇರಬಹುದು, ದಾರಿಯುದ್ದಕ್ಕೂ ಮರದ ನೆರಳು. ಮಂಡಿ ನೋವಿದ್ದರೆ ಮಾತ್ರ ಬೇರೆ ಮಾತು. ದಾರಿಯಲ್ಲೇ 112ನೇ ನಂಬರಿನ ಮನೆ, ಐನ್‌ಸ್ಟೈನ್ ಇದ್ದದ್ದು. ಮ್ಯೂಸಿಯಂ ಅಲ್ಲ, ಒಳಗೆ ಬಿಡುವುದಿಲ್ಲ. ಜಗಲಿ ಹತ್ತಿ ಸೆಲ್ಫಿ ತೆಗೆಯಬೇಡಿ.

ಈ ರಸ್ತೆಗೆ ಹೆಸರು ಬಂದದ್ದೇ ಆಸ್ಪತ್ರೆಯಾಗಿದ್ದ ಆ ರೈತನ ಮನೆಯಲ್ಲಿ ಸತ್ತ ಜನರಲ್ ಹ್ಯೂ ಮರ್ಸರ್‌ನಿಂದ. ಆತನ ಕಥೆ ಗೊತ್ತಿದ್ದರೆ ಮನೆ ನೋಡುವ ರೀತಿಯೇ ಬೇರೆ ಆಗುತ್ತದೆ. ಮರ್ಸರ್ ಸ್ಕಾಟ್‌ಲ್ಯಾಂಡಿನವನು, ವೃತ್ತಿಯಲ್ಲಿ ವೈದ್ಯ. 1746ರಲ್ಲಿ ಅಲ್ಲಿನ ಕಲೋಡನ್ ಯುದ್ಧದಲ್ಲಿ, ಬ್ರಿಟಿಷ್ ರಾಜನ ವಿರುದ್ಧ ದಂಗೆಯೆದ್ದು ಸೋತ ಕಡೆಯ ಗಾಯಾಳುಗಳಿಗೆ ಚಿಕಿತ್ಸೆ ಕೊಟ್ಟು, ಆಮೇಲೆ ತಲೆ ತಪ್ಪಿಸಿಕೊಂಡು ಅಮೆರಿಕ ಸೇರಿದ. ಮೂವತ್ತು ವರ್ಷ ಕಳೆದ ಮೇಲೆ ವಾಷಿಂಗ್ಟನ್ನನ ಸೈನ್ಯದಲ್ಲಿ ಜನರಲ್ ಆಗಿ ಇಲ್ಲಿ ಬಯೊನೆಟ್ ಇರಿತಕ್ಕೆ ಬಿದ್ದ. ಮೈಮೇಲೆ ಏಳು ಗಾಯ. ಹೊತ್ತು ತಂದದ್ದು ಥಾಮಸ್ ಕ್ಲಾರ್ಕ್ ಎಂಬ ಕ್ವೇಕರ್ ರೈತನ ಮನೆಗೆ. ಕ್ವೇಕರರು ಯುದ್ಧವೇ ಬೇಡ ಅನ್ನುವ ಪಂಥದವರು. ಪಾಪ, ಯುದ್ಧ ಅವರ ಹೊಲಕ್ಕೇ ಬಂತು. ಆ ಮನೆಯಲ್ಲಿ ಎರಡೂ ಕಡೆಯ ಗಾಯಾಳುಗಳನ್ನು ಮಲಗಿಸಿದ್ದರು.

ಮರ್ಸರ್‌ನನ್ನು ನೋಡಲು ಬಂದ ವೈದ್ಯರಲ್ಲಿ ಬೆಂಜಮಿನ್ ರಷ್ ಒಬ್ಬ. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವನೇ ಆತ. ವೈದ್ಯರು ದೊಡ್ಡ ಗಾಯಗಳನ್ನು ನೋಡುತ್ತಿದ್ದರೆ ಮರ್ಸರ್ ತನ್ನ ತೋಳು ಎತ್ತಿಸಿ, ಕಂಕುಳ ಹತ್ತಿರದ ಸಣ್ಣ ಗಾಯ ತೋರಿಸಿ, ನನ್ನನ್ನು ಕೊಲ್ಲುವುದು ಇದೇ ಅಂದನಂತೆ. ಕಥೆಯೋ ನಿಜವೋ, ಒಂಬತ್ತು ದಿನ ನರಳಿ ಜನವರಿ 12ರಂದು ತೀರಿಕೊಂಡದ್ದಂತೂ ನಿಜ. ಅರಿವಳಿಕೆ ಇಲ್ಲದ ಕಾಲ, ಕೀವಾಗದಂತೆ ತಡೆಯುವುದೂ ಗೊತ್ತಿರಲಿಲ್ಲ.

ಮನೆ ಚಿಕ್ಕದು. ಬಿಳಿ ಬಣ್ಣದ ಮರದ ಗೋಡೆ, 1772ರ ಸುಮಾರಿಗೆ ಕಟ್ಟಿದ್ದು. ದೊಡ್ಡ ಮ್ಯೂಸಿಯಂ ನಿರೀಕ್ಷೆ ಇಟ್ಟುಕೊಂಡು ಹೋದರೆ ಬೇಜಾರಾಗುತ್ತದೆ. ಆದರೆ ಆ ಕೋಣೆಗಳಲ್ಲಿ ಎಷ್ಟು ಜನರನ್ನು ಮಲಗಿಸಲು ಸಾಧ್ಯ ಅಂತ ಮನಸ್ಸಿನಲ್ಲೇ ಚಾಪೆ ಹಾಸಿ ನೋಡಿ. ಹತ್ತು ಜನರಿಗೇ ಕಾಲಿಡಲು ಜಾಗ ಇರುವುದಿಲ್ಲ. ನಾವು ಹೋದಾಗ ನಮ್ಮನ್ನು ಬಿಟ್ಟರೆ ಒಂದು ವಯಸ್ಸಾದ ಜೋಡಿ ಅಷ್ಟೇ. ನನಗೆ ಜನಜಂಗುಳಿ ಆಗುವುದಿಲ್ಲ, ಹಾಗಾಗಿ ನನ್ನ ಪ್ರಕಾರ ವಾರದ ದಿನವೇ ಸರಿ. ಮನೆ ಪ್ರತಿದಿನ, ಇಡೀ ದಿನ ತೆರೆದಿರುತ್ತೆ ಅಂದುಕೊಳ್ಳಬೇಡಿ, ಸಮಯ ಕೇಳಿಕೊಂಡೇ ಹೊರಡಿ. ಬಯಲಿಗೆ ಟಿಕೆಟ್ ಇಲ್ಲ. ಶೌಚಾಲಯದ ಕೆಲಸ ಊರಲ್ಲೇ ಮುಗಿಸಿಕೊಂಡು ಬಂದರೆ ಕ್ಷೇಮ.

ಬಯಲಿನಲ್ಲಿ ಮರ್ಸರ್ ಒರಗಿದ್ದನೆಂದು ಹೇಳುವ ಓಕ್ ಮರ 2000ನೇ ಇಸವಿಯಲ್ಲಿ ಬಿದ್ದುಹೋಯಿತು. ಅದರದೇ ಬೀಜದ ಮರ ಈಗ ಬೆಳೆಯುತ್ತಿದೆ. ಮನೆಯ ಹಿಂದಿನ ಕಾಡುದಾರಿ ಚೆನ್ನಾಗಿದೆ, ಆದರೆ ಬೇಸಿಗೆಯಲ್ಲಿ ಉಣ್ಣಿ ಕಾಟ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಕೊಳ್ಳಿ, ನೋಡಿ ನಗುವವರು ನಗಲಿ.

ಮೈಸೂರು ಕಡೆಯವರಿಗೆ ಒಂದು ಮಾತು. ಯುದ್ಧದ ಹಿಂದಿನ ರಾತ್ರಿ ಹತ್ತಿರದ ಟ್ರೆಂಟನ್ ಊರಿನಲ್ಲಿ ಕ್ಯಾಂಪಿನ ಬೆಂಕಿ ಉರಿಯಲು ಬಿಟ್ಟು, ವಾಷಿಂಗ್ಟನ್ ಕತ್ತಲಲ್ಲಿ ಜಾರಿಕೊಂಡು ಇಲ್ಲಿಗೆ ಬಂದದ್ದು ಯಾರ ಕಣ್ಣಿಗೆ ಮಣ್ಣೆರಚಿ ಗೊತ್ತಾ? ಬ್ರಿಟಿಷ್ ಜನರಲ್ ಕಾರ್ನ್‌ವಾಲಿಸ್. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇರಿಸಿಕೊಂಡ ಅದೇ ಕಾರ್ನ್‌ವಾಲಿಸ್! ಇದನ್ನು ನಮ್ಮ ಗೈಡ್ ಹೇಳಿದ್ದರೆ ನೂರು ಡಾಲರ್ ಕೊಟ್ಟಿದ್ದಕ್ಕೆ ಅಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ.

ಊಟದ ವಿಷಯಕ್ಕೆ ಬರೋಣ. ವಿಶ್ವವಿದ್ಯಾಲಯದ ಎದುರಿನ ಮುಖ್ಯ ಬೀದಿಯಲ್ಲಿ ಎರಡು ಸ್ಯಾಂಡ್‌ವಿಚ್‌ಗೆ ಕೊಟ್ಟ ದುಡ್ಡಿನಲ್ಲಿ ಮನೆಯಲ್ಲಿ ಒಂದು ವಾರದ ತರಕಾರಿ ಬರುತ್ತಿತ್ತು. ಹಾಗಾಗಿ ವಿದರ್‌ಸ್ಪೂನ್ ರಸ್ತೆಗೆ ತಿರುಗಿಕೊಳ್ಳಿ. ಶೋಕಿ ಅಂಗಡಿಗಳು ಮುಗಿದು ಆ ಕಡೆ ಹೋದಂತೆ ಲ್ಯಾಟಿನ್ ಅಮೆರಿಕದವರ ಸಣ್ಣ ಹೋಟೆಲುಗಳಿವೆ. ನಾವು ಹೊಕ್ಕಿದ್ದರಲ್ಲಿ ನಾಲ್ಕೇ ಮೇಜು. ಒಳಗೆ ಒಬ್ಬ ಹೆಂಗಸು ಮೆಕ್ಕೆಜೋಳದ ಹಿಟ್ಟಿನ ಉಂಡೆಯನ್ನು ಎರಡು ಅಂಗೈ ನಡುವೆ ತಟ್ಟಿ ತಟ್ಟಿ ಕಾವಲಿಗೆ ಹಾಕುತ್ತಿದ್ದರು, ಥೇಟ್ ನಮ್ಮ ಜೋಳದ ರೊಟ್ಟಿ ತಟ್ಟಿದ ಸದ್ದು. ಬಿಸಿಬಿಸಿ ರೊಟ್ಟಿ, ಅನ್ನ, ಕಪ್ಪು ಹುರುಳಿಕಾಯಿ ಕಾಳಿನ ಗಟ್ಟಿ ಪಲ್ಯ, ಹುರಿದ ಬಾಳೆಹಣ್ಣು, ಪಕ್ಕದಲ್ಲಿ ಹಸಿಮೆಣಸಿನ ಚಟ್ನಿ. ಆ ಚಟ್ನಿಗೆ ನಿಜವಾದ ಖಾರ ಇತ್ತು! ಒಂದು ತಟ್ಟೆ ತಗೊಂಡರೆ ಇಬ್ಬರು ಹಿರಿಯರಿಗೆ ಸಾಕು. ನೀರು ಕೇಳದೆಯೇ ತಂದಿಟ್ಟರು, ರೊಟ್ಟಿ ಮುಗಿದಾಗ ಇನ್ನೆರಡು ಸುಮ್ನೆ ಹಾಕಿ ಹೋದರು. ಸಸ್ಯಾಹಾರಿಗಳು ಆರ್ಡರ್ ಮಾಡುವ ಮೊದಲೇ ಒಂದು ವಿಷಯ ಕೇಳಿ: ಕಾಳು ಬೇಯಿಸುವಾಗ ಹಂದಿ ಕೊಬ್ಬು ಹಾಕುತ್ತೀರಾ ಅಂತ. ಕೆಲವು ಕಡೆ ಹಾಕುತ್ತಾರೆ, ನಾವು ಹೋದಲ್ಲಿ ಹಾಕುತ್ತಿರಲಿಲ್ಲ. ಅವರಿಗೆ ಇಂಗ್ಲಿಷ್ ಅರ್ಥವಾಗದಿದ್ದರೆ ಸ್ಪ್ಯಾನಿಷ್‌ನಲ್ಲಿ 'ಮಾಂಟೆಕಾ' ಅಂತ ಹೇಳಿದರೆ ಸಾಕು, ಹಂದಿ ಕೊಬ್ಬಿನ ಮಾತು ಅಂತ ತಿಳಿಯುತ್ತದೆ. ಕೈಯಲ್ಲಿ ಸ್ವಲ್ಪ ನೋಟು ಇಟ್ಟುಕೊಂಡಿರಿ, ಸಣ್ಣ ಹೋಟೆಲುಗಳಲ್ಲಿ ಕಾರ್ಡಿಗೆ ಮುಖ ಸಿಂಡರಿಸುವುದುಂಟು.