ತೊಲ ಚಿನ್ನ 20 ರೂಪಾಯಿ ಇದ್ದಾಗ ಗಿರಣಿ ಪಗಾರ

ಮದುವೆ ಮನೆಯಲ್ಲಿ, ರೈಲಿನಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿ ಮೇಲೆ ಬಾಯಿ ತೆರೆದು ಮಲಗಿದ್ದಾಗ ಕೂಡ ಈ ಪ್ರಶ್ನೆ ಕೇಳಿಸಿಕೊಂಡಿದ್ದೇನೆ. ನಾನು ಹಳೆ ಹತ್ತಿ ಗಿರಣಿಗಳ ಕಥೆ ಕೆದಕುವವನು ಅಂತ ಗೊತ್ತಾದರೆ ಸಾಕು, ಶುರು. "ಬ್ರಿಟಿಷರ ಕಾಲದಲ್ಲಿ ಗಿರಣಿಯವನಿಗೆ ತಿಂಗಳಿಗೆ 20-25 ರೂಪಾಯಿ ಪಗಾರ ಇತ್ತಂತಲ್ಲ. ಆಗ ತೊಲ ಚಿನ್ನಕ್ಕೇ 20 ರೂಪಾಯಿ. ಅಂದ್ರೆ ತಿಂಗಳಿಗೆ ಒಂದು ತೊಲ ಚಿನ್ನ! ಈಗಿನ ಲೆಕ್ಕಕ್ಕೆ ಲಕ್ಷ ದಾಟಿತು. ಅವರೇ ನಮಗಿಂತ ಸುಖವಾಗಿದ್ದರು, ಅಲ್ವಾ?"

ಅಲ್ಲ. ಆದರೆ ಬರೀ ಅಲ್ಲ ಅಂದರೆ ಯಾರೂ ಬಿಡುವುದಿಲ್ಲ. ಆದ್ದರಿಂದ ಒಮ್ಮೆ ಕೂತು ಬರೆದುಬಿಡುತ್ತೇನೆ, ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿದರಾಯಿತು.

ಮೊದಲು ಒಪ್ಪಬೇಕಾದ್ದನ್ನು ಒಪ್ಪುತ್ತೇನೆ. ಅಂಕಿ ಪೂರ್ತಿ ಸುಳ್ಳಲ್ಲ. 1900ರ ಸುತ್ತಮುತ್ತ ಮುಂಬಯಿಯ ಗಿರಣಿಯಲ್ಲಿ ನೂಲಿನ ಖಾತೆಯ ಸಾಧಾರಣ ಕೆಲಸಗಾರನಿಗೆ ತಿಂಗಳಿಗೆ 10-15 ರೂಪಾಯಿ, ಕೈ ಪಳಗಿದ ನೇಕಾರನಿಗೆ ಇನ್ನೂ ಜಾಸ್ತಿ ಸಿಗುತ್ತಿತ್ತು. ಮೊದಲ ಮಹಾಯುದ್ಧದ ನಂತರ ಈ ಅಂಕಿ ಏರಿತು, ಜೋಳದ ಬೆಲೆಯೂ ಅದರ ಜೊತೆಗೇ ಏರಿತು. ಸೊಲ್ಲಾಪುರದ ಗಿರಣಿಗಳಲ್ಲಿ ಮುಂಬಯಿಗಿಂತ ಕಡಿಮೆ. ಹೆಂಗಸರಿಗೆ ಗಂಡಸರ ಅರ್ಧದ ಆಸುಪಾಸು. 1920ರ ದಶಕದಲ್ಲಿ ತೊಲ ಚಿನ್ನ 20-22 ರೂಪಾಯಿ ಇದ್ದದ್ದೂ ನಿಜ.

ಇನ್ನೊಂದು ಮಾತು. ಹೊಲದ ಕೂಲಿಗೆ ಹೋಲಿಸಿದರೆ ಗಿರಣಿ ಪಗಾರ ಮೇಲೇ. ದಿನಕ್ಕೆ ಎರಡು ಮೂರು ಆಣೆ, ಅದೂ ಕೆಲಸ ಇದ್ದ ದಿನ ಮಾತ್ರ ಕಂಡಿದ್ದ ಜನ 1896ರ ಬರ, 1899ರ ಬರ ಎರಡನ್ನೂ ತಿಂದು ಎದ್ದು ಬಂದವರು. ನನ್ನ ಆಯಿ, ಅಂದರೆ ಅಪ್ಪನ ತಾಯಿ, ಹುಟ್ಟಿದ್ದೇ ಸೊಲ್ಲಾಪುರದ ಚಾಳಿನಲ್ಲಿ, ಅಂದರೆ ಒಂದೊಂದೇ ಖೋಲಿಯ ಸಾಲುಮನೆಯಲ್ಲಿ. ಅವಳ ಅಪ್ಪ ಇಂಡಿ ಕಡೆಯವರು. ಇಂಡಿ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಹೊಟಗಿಯ ಮೇಲೆ ಸೊಲ್ಲಾಪುರಕ್ಕೆ ಇಳಿದು, ಊರಿನವರು ಇದ್ದ ಚಾಳು ಹುಡುಕಿಕೊಂಡು ಹೋದರಂತೆ. ಅಲ್ಲಿ ಕನ್ನಡ, ತೆಲುಗು, ಮರಾಠಿ ಮೂರೂ ಒಂದೇ ನಳದ ಮುಂದೆ ಜಗಳಾಡುತ್ತಿದ್ದವು. ಗಿರಣಿ ಹಾಗೆ ಕರೆಯುತ್ತಿತ್ತು, ಜನ ಹೋಗುತ್ತಿದ್ದರು. ಯಾರೂ ಅವರನ್ನು ಎಳೆದುಕೊಂಡು ಹೋಗಲಿಲ್ಲ.

ಹಾಗಾದರೆ ಚಿನ್ನದ ಲೆಕ್ಕ ಎಲ್ಲಿ ತಪ್ಪುತ್ತದೆ? ಆ 25 ರೂಪಾಯಿ ಪುಸ್ತಕದಲ್ಲಿ ಬರೆದ ದರ. ಕೈಗೆ ಬಂದದ್ದು ಬೇರೆ. ಎಷ್ಟು ದಿನದ ಕೆಲಸಕ್ಕೆ ಬಂತು, ಯಾವಾಗ ಬಂತು, ಯಾರ್‍ಯಾರ ಕೈ ದಾಟಿ ಬಂತು ಅಂತ ಕೇಳಬೇಕು.

ದಿನದಿಂದ ಶುರು ಮಾಡೋಣ. ಕಾಯಂ ಕೆಲಸಗಾರ ಬರದ ದಿನ ಅವನ ಜಾಗಕ್ಕೆ ನಿಲ್ಲುವವನು ಬದಲಿ. ಬೆಳಗಿನ ಕತ್ತಲಲ್ಲಿ ಗಿರಣಿ ಬಾಗಿಲಿಗೆ ಹೋಗಿ ನಿಲ್ಲಬೇಕು. ಜಾಬರ, ಅಂದರೆ ಕೆಲಸಗಾರರ ಮೇಲಿನ ಮೇಸ್ತ್ರಿ, ಹೊರಗೆ ಬಂದು, ನೀನು ಬಾ, ನೀನು ಬಾ, ಉಳಿದವರು ನಡೀರಿ ಅಂತಾನೆ. ಉಳಿದವರು ಮನೆಗೆ. ಇಂಥ ಬದಲಿಗೆ ತಿಂಗಳಲ್ಲಿ ಹತ್ತು ದಿನ ಕೆಲಸ ಸಿಕ್ಕರೆ ಹತ್ತು ದಿನದ ದುಡ್ಡು. ತಿಂಗಳ ದರವನ್ನು ಅವನ ಮನೆಗೆ ಅಂಟಿಸಿ ಚಿನ್ನ ಕೊಳ್ಳೋಕೆ ಆಗುತ್ತಾ? ಜಾಬರನೇ ಕೆಲಸಕ್ಕೆ ಸೇರಿಸುವವನು, ಅವನೇ ತೆಗೆಯುವವನು, ರಜೆ ಕೊಡುವವನು, ಒಳ್ಳೆ ಮಗ್ಗ ಕೆಟ್ಟ ಮಗ್ಗ ಹಂಚುವವನು. ಸುಮ್ನೆ ಯಾಕೆ ಮಾಡ್ತಾನೆ? ಅವನಿಗೆ ದಸ್ತೂರಿ, ಅಂದರೆ ಮಾಮೂಲು, ಹೋಗಲೇಬೇಕು. ಸೇರುವಾಗ ಒಮ್ಮೆ, ಆಮೇಲೆ ಪಗಾರದ ದಿನ ಅಷ್ಟಿಷ್ಟು. ಎಷ್ಟೋ ಕಡೆ ಸಾಲ ಕೊಡುವವನೂ ಅವನೇ. ಮುಂಬಯಿಯಲ್ಲಿ ಬದಲಿಗಳಿಗೆ ಕಾರ್ಡು ಕೊಟ್ಟು ಜಾಬರನ ಹಿಡಿತ ಸಡಿಲಿಸುವ ಪದ್ಧತಿ ಬಂದದ್ದೇ 1935ರಲ್ಲಿ. ಮೊದಲ ಹತ್ತಿ ಗಿರಣಿ ಶುರುವಾಗಿ ಆಗಲೇ 80 ವರ್ಷದ ಹತ್ತಿರ.

ಇನ್ನು ಪಗಾರದ ದಿನ. ನನಗೆ ಎಲ್ಲಕ್ಕಿಂತ ಕ್ರೂರ ಅನ್ನಿಸುವುದು ಇದು, ಆದರೆ ಇದರ ಬಗ್ಗೆ ಯಾರೂ ಕೇಳುವುದೇ ಇಲ್ಲ. ಜನವರಿಯ ಪಗಾರ ಜನವರಿ ಕೊನೆಗೆ ಬರುತ್ತಿರಲಿಲ್ಲ. ಮುಂಬಯಿಯ ಗಿರಣಿಗಳಲ್ಲಿ ಮುಂದಿನ ತಿಂಗಳ 10ರಿಂದ 15ನೇ ತಾರೀಖಿನ ಒಳಗೆ ಬರುವುದು ವಾಡಿಕೆ. ಅಂದರೆ ಹೊಸಬನೊಬ್ಬ ಜನವರಿ 1ಕ್ಕೆ ಕೆಲಸಕ್ಕೆ ನಿಂತರೆ ಮೊದಲ ರೂಪಾಯಿ ನೋಡುವುದು ಆರು ವಾರದ ನಂತರ. ಅಲ್ಲಿಯವರೆಗೆ ಏನು ತಿನ್ನಬೇಕು? ಉದ್ರಿ ತಿನ್ನಬೇಕು. ಸಿಟ್ಟು ಬಂದು ನಡುವೆ ಬಿಟ್ಟು ಹೋದರೆ ಮಾಡಿದ ಕೆಲಸದ ದುಡ್ಡೂ ಹೋಗುವ ಭಯ. ಮಾಲೀಕ ಬಡ್ಡಿಯಿಲ್ಲದೆ ಕೂಲಿಯವನಿಂದಲೇ ಕೈಗಡ ಪಡೆದಂತೆ ಆಯಿತು ಇದು!

ನಮ್ಮ ಆಯಿಯ ತಾಯಿ ಚಾಳಿನ ಒಂದೇ ಖೋಲಿಯಲ್ಲಿ ಸಣ್ಣ ಖಾನಾವಳಿ ನಡೆಸುತ್ತಿದ್ದಳು. ಊರಿನಿಂದ ಒಂಟಿಯಾಗಿ ಬಂದ ಏಳೆಂಟು ಗಂಡಸರು ಪಾಳಿ ಪ್ರಕಾರ ಬಂದು ರೊಟ್ಟಿ ತಿಂದು ಹೋಗುವವರು. ಗೋಡೆಯ ಮೇಲೆ ಇದ್ದಿಲಲ್ಲಿ ಗೆರೆ. ಒಬ್ಬೊಬ್ಬರಿಗೂ ಒಂದು ಸಾಲು. ಅವರಿಗೆ ಪಗಾರ ಆಗುವವರೆಗೆ ಇವಳಿಗೆ ದುಡ್ಡಿಲ್ಲ, ಇವಳಿಗೆ ದುಡ್ಡು ಬರುವವರೆಗೆ ಅಂಗಡಿಯವನಿಗೆ ಇಲ್ಲ. ಅಂಗಡಿಯವನು ಉದ್ರಿ ಕೊಡುತ್ತಿದ್ದ, ಆದರೆ ಉದ್ರಿಯವರಿಗೆ ಹುಳ ಹತ್ತಿದ ಜೋಳ, ನಗದಿನವರಿಗೆ ಒಳ್ಳೆಯದು. ಆಯಿ ಆ ಜೋಳ ಹಸನು ಮಾಡುತ್ತಾ ಬೆಳೆದವಳು. ಸಾಯುವವರೆಗೂ ಜೋಳವನ್ನು ಎರಡು ಸಲ ಹಸನು ಮಾಡುತ್ತಿದ್ದಳು, ಪ್ಯಾಕೆಟಿನಿಂದ ತೆಗೆದದ್ದನ್ನೂ.

ಅಂಗಡಿಯವನ ಉದ್ರಿ ಸಾಲದಿದ್ದರೆ ಬಡ್ಡಿ ಸಾಲ. ಆಗಿನ ಮಾಮೂಲಿ ದರ ರೂಪಾಯಿಗೆ ತಿಂಗಳಿಗೆ ಒಂದು ಆಣೆ. ಕೇಳಲು ಸಣ್ಣದು. ರೂಪಾಯಿಗೆ 16 ಆಣೆ, ಹಾಗಾಗಿ 20 ರೂಪಾಯಿ ಸಾಲಕ್ಕೆ ತಿಂಗಳಿಗೆ 20 ಆಣೆ, ಅಂದರೆ ಒಂದೂಕಾಲು ರೂಪಾಯಿ ಬಡ್ಡಿ. ವರ್ಷಕ್ಕೆ 15 ರೂಪಾಯಿ. ಶೇಕಡಾ 75! ಎರಡಾಣೆ ಬಡ್ಡಿಯವರೂ ಇದ್ದರು. ಪಗಾರದ ದಿನ ಗಿರಣಿ ಬಾಗಿಲ ಹೊರಗೆ ಬಡ್ಡಿ ಸಾಲ ಕೊಟ್ಟ ಪಠಾಣ ಕೋಲು ಹಿಡಿದು ನಿಂತಿರುತ್ತಿದ್ದ ಎಂಬುದು ಮುಂಬಯಿಯ ಹಳೆಯ ಕಥೆಗಳಲ್ಲೆಲ್ಲ ಬರುತ್ತದೆ. ಅದು ಬರೀ ಕಥೆಯಲ್ಲ. 1929ರಲ್ಲಿ ನೇಮಕವಾಗಿ 1931ರಲ್ಲಿ ಕಾರ್ಮಿಕರ ಸ್ಥಿತಿಗತಿಯ ವರದಿ ಕೊಟ್ಟ ವ್ಹಿಟ್ಲಿ ಆಯೋಗ ದೇಶದ ಕೈಗಾರಿಕಾ ಊರುಗಳನ್ನು ಸುತ್ತಿ, ಬಹುತೇಕ ಕಡೆ ಕಾರ್ಮಿಕ ಕುಟುಂಬಗಳಲ್ಲಿ ಮೂರರಲ್ಲಿ ಎರಡು ಪಾಲಿಗಾದರೂ ಸಾಲ ಇದೆ, ಹೆಚ್ಚಿನವರ ಸಾಲ ಮೂರು ತಿಂಗಳ ಪಗಾರ ಮೀರಿದೆ ಅಂತ ಬರೆದಿತು. ಸರ್ಕಾರವೇ ನೇಮಿಸಿದ ಆಯೋಗ ಅದು. ತಿಂಗಳಿಗೆ ತೊಲ ಚಿನ್ನ ಗಳಿಸುವವರು ಮೂರು ತೊಲ ಸಾಲದಲ್ಲಿ ಯಾಕಿದ್ದರು ಹೇಳಿ ನೋಡೋಣ.

ಕಡಿತದ ಕಥೆ ಇನ್ನೂ ಇದೆ. ಡಬಲ್ ಖಾಡಾ ಅಂತ ಒಂದಿತ್ತು. ಖಾಡಾ ಅಂದರೆ ಗೈರುಹಾಜರಿ. ಒಂದು ದಿನ ಹೇಳದೆ ತಪ್ಪಿಸಿದರೆ ಎರಡು ದಿನದ ಪಗಾರ ಕಟ್. ತಡವಾದರೆ ದಂಡ, ನೂಲು ಕೆಟ್ಟರೆ ದಂಡ, ಎದುರು ಮಾತಾಡಿದರೆ ದಂಡ. ನೇಕಾರರಿಗೆ ಇನ್ನೊಂದು ವಿಶೇಷ ಉಡುಗೊರೆ. ನೇಯ್ದ ಬಟ್ಟೆಯಲ್ಲಿ ಎಣ್ಣೆ ಕಲೆ ಬಿತ್ತು, ಎಳೆ ತಪ್ಪಿತು ಅಂದರೆ ಆ ಥಾನನ್ನು ನೇಕಾರನ ತಲೆಗೇ ಕಟ್ಟಿ, ಬೆಲೆಯನ್ನು ಪಗಾರದಲ್ಲಿ ಮುರಿದುಕೊಳ್ಳುತ್ತಿದ್ದರು. ಮಗ್ಗದ ಎಣ್ಣೆ ಸೋರುವುದು ನೇಕಾರನ ತಪ್ಪೋ ಮಗ್ಗದ ತಪ್ಪೋ ಅಂತ ಕೇಳುವವರು ಯಾರು? ಆ ಬಟ್ಟೆಯನ್ನು ಅವನೇ ಬೀದಿಯಲ್ಲಿ ಸಿಕ್ಕ ಬೆಲೆಗೆ ಮಾರಬೇಕು, ಇಲ್ಲ ಉಡಬೇಕು. ಆಯಿ ಮತ್ತು ಅವಳ ತಂಗಿ ಚಿಕ್ಕವರಿದ್ದಾಗ ಹಾಕಿದ ಪೋಲ್ಕಾಗಳೆಲ್ಲ ಇಂಥ ಬಟ್ಟೆಯವೇ. ಕಲೆ ಕಾಣದ ಹಾಗೆ ಕಂಕುಳಿಗೆ ಬರುವಂತೆ ಕತ್ತರಿಸುತ್ತಿದ್ದರಂತೆ. ಬೆಳೆದ ಮೇಲೂ ಹೊಸ ಬಟ್ಟೆ ಕೊಟ್ಟರೆ ಮೊದಲು ಬೆಳಕಿಗೆ ಹಿಡಿದು ನೋಡುವ ಚಾಳಿ ಅವಳದು. ಅಂಗಡಿಯವರು ಮುಖ ಸಿಂಡರಿಸುತ್ತಿದ್ದರು.

ಇದಕ್ಕೆಲ್ಲ ಒಂದು ಮಿತಿ ಹಾಕಿದ್ದು 1936ರ ವೇತನ ಪಾವತಿ ಕಾಯ್ದೆ, ಜಾರಿಗೆ ಬಂದದ್ದು 1937ರಲ್ಲಿ. ಸಾವಿರಕ್ಕಿಂತ ಕಡಿಮೆ ಜನ ಇರುವ ಕಾರ್ಖಾನೆಯಲ್ಲಿ 7ನೇ ದಿನದ ಒಳಗೆ, ದೊಡ್ಡದರಲ್ಲಿ 10ನೇ ದಿನದ ಒಳಗೆ ಪಗಾರ ಆಗಬೇಕು. ದಂಡ ರೂಪಾಯಿಗೆ ಅರ್ಧ ಆಣೆ ಮೀರಬಾರದು. 24 ರೂಪಾಯಿಯವನಿಗೆ ಅಬ್ಬಬ್ಬಾ ಅಂದರೆ 12 ಆಣೆ. ಕಾನೂನು ಒಳ್ಳೆಯದೇ. ಆದರೆ ಅದರಲ್ಲೇ ಇನ್ನೊಂದು ಕಲಂ ಸೇರಿಸಿದ್ದರು. ಹತ್ತು ಅಥವಾ ಹೆಚ್ಚು ಜನ ಒಟ್ಟಾಗಿ, ಸೂಚನೆ ಕೊಡದೆ, ಸರಿಯಾದ ಕಾರಣವಿಲ್ಲದೆ ಕೆಲಸ ಬಿಟ್ಟರೆ ಎಂಟು ದಿನದವರೆಗಿನ ಪಗಾರ ಮುರಿಯಬಹುದು. ಯಾರ ಕಡೆ ನೋಡಿಕೊಂಡು ಇದನ್ನು ಬರೆದರು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಈ ಕಾಯ್ದೆ ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ, ಮೈಸೂರು ಸಂಸ್ಥಾನಕ್ಕಲ್ಲ.

ಗಂಟೆಗಳ ವಿಷಯ ಬೇಗ ಮುಗಿಸುತ್ತೇನೆ. ಮೊದಮೊದಲು ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಕೆಲಸ, ಆದ್ದರಿಂದ ಬೇಸಿಗೆಯಲ್ಲಿ ಜಾಸ್ತಿ, ಚಳಿಗಾಲದಲ್ಲಿ ಕಡಿಮೆ. ಆಮೇಲೆ ಕರೆಂಟಿನ ದೀಪ ಬಂತು. ದೀಪ ಬಂದರೆ ಮನೆಗೆ ಬೆಳಕು ಅಂತ ನಾವು ಅಂದುಕೊಳ್ಳುತ್ತೇವೆ. ಗಿರಣಿಯವರಿಗೆ ಅದು ದಿನಕ್ಕೆ 14-15 ಗಂಟೆ ಕೆಲಸ ತಂದಿತು. 1881ರ ಕಾಯ್ದೆ 7 ವರ್ಷದ ಮಗುವನ್ನು 9 ಗಂಟೆ ದುಡಿಸಲು ಬಿಟ್ಟಿತ್ತು. ದೊಡ್ಡ ಗಂಡಸರ ಗಂಟೆಗೆ ಮಿತಿ ಬಂದದ್ದು 1911ರಲ್ಲಿ, ದಿನಕ್ಕೆ 12. 1922ರಲ್ಲಿ ವಾರಕ್ಕೆ 60, 1934ರಲ್ಲಿ 54. ಈಗ ನಮ್ಮ ಆಫೀಸುಗಳಲ್ಲಿ ವಾರಕ್ಕೆ 70 ಗಂಟೆ ದುಡೀಬೇಕು ಅನ್ನುವವರನ್ನು ಕಂಡರೆ ನನಗೆ 1911 ನೆನಪಾಗುತ್ತದೆ, ಇರಲಿ.

ಈ ಪಗಾರ ಏರಿದ್ದು ಹೇಗೆ ಅಂತಲೂ ನೋಡಬೇಕು. ಅಹಮದಾಬಾದಿನಲ್ಲಿ 1917ರಲ್ಲಿ ಪ್ಲೇಗ್ ಬಂದಾಗ ಜನ ಓಡಿಹೋಗಬಾರದು ಅಂತ ಮಾಲೀಕರು ಪಗಾರದ ಶೇಕಡಾ 70-80ರವರೆಗೆ ಪ್ಲೇಗ್ ಬೋನಸ್ ಕೊಟ್ಟರು. ಪ್ಲೇಗ್ ಇಳಿಯಿತು, ಬೋನಸ್ಸೂ ನಿಂತಿತು. ಬೆಲೆ ಮಾತ್ರ ಇಳಿಯಲಿಲ್ಲ. ನೇಕಾರರು ಪಗಾರದಲ್ಲಿ ಶೇಕಡಾ 50 ಏರಿಕೆ ಕೇಳಿದರು, ಮಾಲೀಕರು 20 ಅಂದರು, ಗಾಂಧಿ ಲೆಕ್ಕ ಹಾಕಿ 35 ಕೇಳಿ ಅಂದರು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ, ಕೆಲಸಗಾರರ ಕಡೆ ನಿಂತದ್ದು ಅವರ ಅಕ್ಕ ಅನಸೂಯಾ. 1918ರ ಮಾರ್ಚ್ 15ಕ್ಕೆ ಗಾಂಧಿ ಉಪವಾಸ ಕೂತರು, ಮೂರು ದಿನದಲ್ಲಿ ರಾಜಿ. ಆ ರಾಜಿ ಓದಿದರೆ ನಗು ಬರುತ್ತದೆ: ಮೊದಲ ದಿನ 35, ಕೆಲಸಗಾರರ ಮಾತು ಉಳಿಯಿತು. ಎರಡನೇ ದಿನ 20, ಮಾಲೀಕರ ಮಾತು ಉಳಿಯಿತು. ಮೂರನೇ ದಿನದಿಂದ ಪಂಚರ ತೀರ್ಪು ಬರುವವರೆಗೆ ಇಪ್ಪತ್ತೇಳೂವರೆ. ಕೊನೆಗೆ ತೀರ್ಪು 35ಕ್ಕೇ ಬಂತು. ಅದೇ ವರ್ಷ ಮದರಾಸಿನಲ್ಲಿ ಬಿನ್ನಿಯವರ ಗಿರಣಿಗಳ ಜನ ಸಂಘ ಕಟ್ಟಿದಾಗ, ಅವರ ದೊಡ್ಡ ಬೇಡಿಕೆಗಳಲ್ಲಿ ಒಂದು ಊಟದ ಬಿಡುವು 30 ನಿಮಿಷ ಸಾಲದು, 40 ಬೇಕು ಅನ್ನುವುದು. ಬೆಂಗಳೂರಿನವರಿಗೆ ಬಿನ್ನಿ ಹೆಸರು ಹೇಳಬೇಕಾಗಿಲ್ಲ. ಹತ್ತು ನಿಮಿಷಕ್ಕೆ ಸಂಘ ಕಟ್ಟಬೇಕಾಗಿತ್ತು ನೋಡಿ.

ಏರಿದ್ದು ಹಾಗೇ ಇರುತ್ತಿತ್ತು ಅಂತಲೂ ಅಲ್ಲ. 1925ರಲ್ಲಿ ಮುಂಬಯಿ ಮಾಲೀಕರು ಒಂದೇ ಏಟಿಗೆ ಹನ್ನೊಂದೂವರೆ ಶೇಕಡಾ ಇಳಿಸಿದರು. ಎರಡು ತಿಂಗಳ ಮೇಲೆ ಗಿರಣಿಗಳು ನಿಂತವು. ಸರ್ಕಾರ ಬಟ್ಟೆಯ ಮೇಲಿದ್ದ ಮೂರೂವರೆ ಶೇಕಡಾ ಸುಂಕ ಬಿಟ್ಟ ಮೇಲೆ ಮಾಲೀಕರು ಇಳಿಕೆ ವಾಪಸ್ಸು ತಗೊಂಡರು. 1928ರಲ್ಲಿ ಸುಮಾರು ಒಂದೂವರೆ ಲಕ್ಷ ಜನ ಆರು ತಿಂಗಳ ಹತ್ತಿರ ಹೊರಗಿದ್ದರು. ಆ ಆರು ತಿಂಗಳಿಗೆ ಪಗಾರ ಸೊನ್ನೆ. ಚಿನ್ನದ ಲೆಕ್ಕದವರು ಆ ಸೊನ್ನೆಯನ್ನು ಎಲ್ಲಿ ಹಾಕುತ್ತಾರೋ.

ಚಿನ್ನ ಅಂದಾಗ ನಮ್ಮ ಕೋಲಾರವನ್ನು ಬಿಡೋಕಾಗಲ್ಲ. ಶಿವನಸಮುದ್ರದಿಂದ 1902ರಲ್ಲೇ ಕರೆಂಟು ಎಳೆಸಿಕೊಂಡ ಗಣಿಗಳು ಅವು. ಅಲ್ಲಿ ಇಳಿಯುವವನಿಗೆ ಕೂಲಿ ರೂಪಾಯಿ ಆಣೆಯಲ್ಲೇ, ನಡುವೆ ಅಲ್ಲೂ ಕಂಟ್ರಾಕ್ಟರ. 1930ರಲ್ಲಿ ಹೆಬ್ಬೆಟ್ಟು ದಾಖಲೆ ಮಾಡಿಸಿಕೊಳ್ಳಿ ಅಂದಾಗ ಗಣಿಯವರು ಮುಷ್ಕರಕ್ಕೆ ಇಳಿದರು. ಚಿನ್ನವನ್ನೇ ಅಗೆದವನ ಮನೆಯಲ್ಲಿ ಚಿನ್ನ ಸಿಕ್ಕರೆ ಅದು ಕಳ್ಳತನ ಅನ್ನಿಸುವ ಊರು ಅದು.

ಆಯಿಯ ಮನೆಯಲ್ಲಿ ಚಿನ್ನ ಇತ್ತಾ? ಇತ್ತು. ಅವಳ ತಾಯಿಗೆ ಒಂದು ಬೋರಮಾಳ, ಬಂಗಾರದ ಗುಂಡಿನ ಸರ. ಎರಡು ಒಳ್ಳೆ ವರ್ಷ ಸಾಲಾಗಿ ಬಂದಾಗ ಮಾಡಿಸಿದ್ದು. ಕೊರಳಲ್ಲಿ ಇದ್ದದ್ದಕ್ಕಿಂತ ಸಾವಕಾರನ ಪೆಟ್ಟಿಗೆಯಲ್ಲಿ ಇದ್ದದ್ದೇ ಜಾಸ್ತಿ. ಅಂಗಡಿಯವನು ಉದ್ರಿ ನಿಲ್ಲಿಸಿದಾಗ ಒತ್ತೆಗೆ ಹೋಗುವುದು, ಬಡ್ಡಿ ಕಟ್ಟಿ ಬಿಡಿಸಿ ತರುವುದು, ಮತ್ತೆ ಹೋಗುವುದು. 1934ರಲ್ಲಿ ಸೊಲ್ಲಾಪುರದ ಗಿರಣಿಗಳು ಮುಷ್ಕರದಲ್ಲಿ ನಿಂತಾಗ ಇಡೀ ಸರ ಒತ್ತೆ ಇಡುವ ಬದಲು ಗುಂಡು ಬಿಚ್ಚಿ ಬಿಚ್ಚಿ ಮಾರಿದಳಂತೆ. ಖಾಲಿಯಾದ ಜಾಗಕ್ಕೆ ಕರಿಮಣಿ ಪೋಣಿಸಿಕೊಂಡಳು. ಆ ಸರ ಈಗ ಅವ್ವನ ಕಪಾಟಿನಲ್ಲಿದೆ. ಬಂಗಾರದ ಗುಂಡು 11, ಉಳಿದದ್ದೆಲ್ಲ ಕರಿಮಣಿ. ಕಳೆದ ಸಲ ಮದುವೆಯಲ್ಲಿ ಈ ಪ್ರಶ್ನೆ ಕೇಳಿದ ಕಾಕಾಗೆ ಅದನ್ನೇ ತಂದು ತೋರಿಸೋಣ ಅಂತ ಎದ್ದೆ. "ಮಂದಿ ಮುಂದ ಅದನ್ಯಾಕ ತೆಗೀತಿ, ಕೂಡು" ಅಂತ ಅವ್ವ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು.